ಚರ್ಮದ ಜಿಡ್ಡು ಬ್ಯಾಕ್ಟೀರಿಯಾವನ್ನು ಕೊಲ್ಲುವುದಾದರೆ ಕುರು ಯಾಕೆ ಏಳುತ್ತದೆ?

ಪ್ರಶ್ನೆ: ಚರ್ಮದ ಜಿಡ್ಡಿನಲ್ಲಿರುವ ಕೊಬ್ಬಿನಾಮ್ಲಕ್ಕೆ ಬ್ಯಾಕ್ಟೀರಿಯಾ ಸಾಯುತ್ತವೆ ಅಂತ ಓದಿದೆ. ಹಾಗಿದ್ದರೂ ನಮಗೆ ಕುರು, ಕೀವು ಎಲ್ಲ ಯಾಕೆ ಆಗುತ್ತದೆ?

ಉತ್ತರ: ನೀವು ಓದಿದ್ದು ನಿಜ, ಆದರೆ ಅದು ಅರ್ಧ ಕಥೆ.

ಬೆಳಿಗ್ಗೆ ಎದ್ದು ಮೂಗಿನ ಪಕ್ಕ ಬೆರಳಾಡಿಸಿದರೆ ಜಿಡ್ಡು ಅಂಟುತ್ತದೆ, ಅಲ್ವಾ? ಗ್ರಂಥಿಯಿಂದ ಹೊರಬರುವಾಗ ಅದರಲ್ಲಿನ ಕೊಬ್ಬಿನಾಮ್ಲಗಳು ಮೂರು ಮೂರರಂತೆ ಗ್ಲಿಸರಾಲ್ ಎಂಬ ಒಂದು ಪುಟ್ಟ ಅಣುವಿಗೆ ಅಂಟಿಕೊಂಡಿರುತ್ತವೆ. ಹಾಗಿದ್ದಾಗ ಅವು ಸಾಧು. ನಮ್ಮ ಚರ್ಮದ ಮೇಲೇ ಬದುಕುವ ಬ್ಯಾಕ್ಟೀರಿಯಾಗಳು ಲೈಪೇಸ್ ಎಂಬ ಕಿಣ್ವದಿಂದ ಅವನ್ನು ಬಿಡಿಸುತ್ತವೆ. ಬಿಡಿಯಾದ ಮೇಲೆ ಬ್ಯಾಕ್ಟೀರಿಯಾಗೆ ಏಟು ಶುರು. (ಅಡುಗೆ ಎಣ್ಣೆ ಸವರಿಕೊಂಡರೆ ಸಾಲದೇ ಅಂತ ಕೇಳಬೇಡಿ. ಅದರಲ್ಲೂ ಬಹುಪಾಲು ಹೀಗೆ ಅಂಟಿಕೊಂಡೇ ಇರುತ್ತದೆ.)

ಜಿಡ್ಡಿನ ಈ ಕೊಬ್ಬಿನಾಮ್ಲಗಳಲ್ಲಿ ಜೋರಾದದ್ದು ಸೇಪಿಯೆನಿಕ್ ಆಸಿಡ್. 16 ಕಾರ್ಬನ್‌ಗಳ ಸರಪಳಿ. ಒಂದು ತುದಿಗೆ ನೀರು ಇಷ್ಟ, ಉಳಿದ ಬಾಲಕ್ಕೆ ಎಣ್ಣೆ ಇಷ್ಟ. ಸೋಪಿನ ಗುಣವೂ ಇದೇ. ಸೋಪು ಅಂದರೆ ಕೊಬ್ಬಿನಾಮ್ಲದ ಲವಣವೇ ತಾನೆ! ಈ ಬಾಲ ಬ್ಯಾಕ್ಟೀರಿಯಾದ ಪೊರೆಯೊಳಗೆ ತೂರಿಕೊಳ್ಳುತ್ತದೆ, ಪೊರೆ ಸೋರತೊಡಗುತ್ತದೆ. ಶಕ್ತಿ ತಯಾರಿಸಲು ಬೇಕಾದ ಪ್ರೋಟಾನ್‌ಗಳ ಒತ್ತಡ ಇಳಿದುಹೋಗುತ್ತದೆ. ಎಸ್ಜಿಮಾ ಎಂಬ ತುರಿಕೆಯ ಚರ್ಮರೋಗ ಇರುವವರ ಚರ್ಮದಲ್ಲಿ ಈ ಆಸಿಡ್ ಕಡಿಮೆ ಇರುವುದೂ, ಸ್ಟ್ಯಾಫಿಲೊಕಾಕಸ್ ಆರಿಯಸ್ (ಚಿಕ್ಕದಾಗಿ ಸ್ಟ್ಯಾಫ್) ಎಂಬ ಬ್ಯಾಕ್ಟೀರಿಯಾ ಜಾಸ್ತಿ ಇರುವುದೂ ಕಂಡುಬಂದಿದೆ.

ಕುರುವಿಗೆ ಸಾಮಾನ್ಯವಾಗಿ ಕಾರಣವೂ ಇದೇ ಸ್ಟ್ಯಾಫ್. ಜಿಡ್ಡಿನ ಕಾವಲು ಇರುವುದು ಚರ್ಮದ ಮೇಲ್ಮೈಯಲ್ಲಿ. ಗೀರಿನಿಂದಲೋ ಕೂದಲ ಬುಡದಿಂದಲೋ ಒಳಗೆ ಇಳಿದರೆ ಅದಕ್ಕೆ ಆ ಕಾಟವಿಲ್ಲ. ಮೇಲ್ಮೈಯಲ್ಲೂ ಅದು ಸುಮ್ನೆ ಏಟು ತಿನ್ನುವುದಿಲ್ಲ. ಐಎಸ್‌ಡಿಎ ಎಂಬ ಪ್ರೋಟೀನನ್ನು ಮೈಮೇಲೆ ಹೊದ್ದು, ಎಣ್ಣೆಯ ಬಾಲ ಅಂಟದಂತೆ ನೋಡಿಕೊಳ್ಳುತ್ತದೆ. ಅಷ್ಟಾದರೂ ಒಳಗೆ ಬಂದ ಕೊಬ್ಬಿನಾಮ್ಲಕ್ಕೆ ಒಂದು ಕಿಣ್ವ ಫಾಸ್ಫೇಟ್ ಜೋಡಿಸುತ್ತದೆ. ಅದನ್ನೇ ಬಳಸಿ ಸ್ಟ್ಯಾಫ್ ತನ್ನ ಪೊರೆ ಕಟ್ಟಿಕೊಳ್ಳುತ್ತದೆ. ತನ್ನ ಮೇಲೆ ಎಸೆದ ಇಟ್ಟಿಗೆಯನ್ನು ಹಿಡಿದು ತನ್ನದೇ ಗೋಡೆಗೆ ಇಟ್ಟ ಹಾಗೆ. ಎಲ್ಲ ಕೊಬ್ಬಿನಾಮ್ಲಕ್ಕೂ ಈ ಆಟ ನಡೆಯದು, ಪ್ರಮಾಣ ಜಾಸ್ತಿಯಾದರೆ ಅದೂ ಸೋಲುತ್ತದೆ.

ಔಷಧಿ ಹುಡುಕುವವರಿಗೆ ಇದು ದೊಡ್ಡ ತಲೆನೋವು. ಪೊರೆಗೆ ಬೇಕಾದ ಕೊಬ್ಬಿನಾಮ್ಲವನ್ನು ಬ್ಯಾಕ್ಟೀರಿಯಾ ತಾನೇ ತಯಾರಿಸುವ ಕಾರ್ಖಾನೆ ನಿಲ್ಲಿಸಿದರೆ ಸಾಕು ಅಂತ ಅಂದುಕೊಂಡಿದ್ದರು. 2009ರಲ್ಲಿ ಪ್ರಕಟವಾದ ಕೆಲಸವೊಂದು ಬೇರೆಯದೇ ತೋರಿಸಿತು: ಸ್ಟ್ರೆಪ್ಟೊಕಾಕಸ್ ಎಂಬ ಗುಂಪಿನ ಕೆಲವು ಬ್ಯಾಕ್ಟೀರಿಯಾಗಳು ಕಾರ್ಖಾನೆ ಮುಚ್ಚಿದರೂ ನಮ್ಮ ರಕ್ತದಿಂದಲೇ ಮಾಲು ಎತ್ತಿಕೊಂಡು ಬದುಕುತ್ತವೆ.

ಕ್ಷಯದ ಬ್ಯಾಕ್ಟೀರಿಯಾ ಇನ್ನೂ ಒಂದು ಹೆಜ್ಜೆ ಮುಂದೆ. ನಮ್ಮ ಬಿಳಿ ರಕ್ತಕಣದೊಳಗೆ ಕೂತು ಅಲ್ಲಿನ ಕೊಬ್ಬನ್ನೇ ಉಣ್ಣುತ್ತದೆ. ಆದರೆ ಅದರ ಹೊರಗೋಡೆಗೆ ಮೈಕೋಲಿಕ್ ಆಸಿಡ್ ಬೇಕು. ಅದರಲ್ಲಿ 60ರಿಂದ 90 ಕಾರ್ಬನ್‌ಗಳು ಇರುತ್ತವೆ, ಅಂಥದ್ದು ನಮ್ಮ ದೇಹದಲ್ಲಿ ಎಲ್ಲೂ ಸಿಗುವುದಿಲ್ಲ. ತಾನೇ ಮಾಡಿಕೊಳ್ಳಬೇಕು. 1952ರಿಂದ ಕ್ಷಯಕ್ಕೆ ಕೊಡುತ್ತಿರುವ ಐಸೋನಿಯಜಿಡ್ ಮಾತ್ರೆ ಕೈಹಾಕುವುದು ಸರಿಯಾಗಿ ಆ ತಯಾರಿಕೆಗೆ.