ಬೆಳಕಿನ ಕನ್ಸೋಲಿಗೆ ದೂರದ ಫೇಡರ್: 0–10 ವೋಲ್ಟ್ ಮತ್ತು ಪ್ರೀಸೆಟ್

ಸಭಾಂಗಣದ ಹಿಂಬದಿಯಲ್ಲಿರುವ ಕನ್ಸೋಲಿನ (ವೇದಿಕೆಯ ದೀಪಗಳನ್ನು ನಿಯಂತ್ರಿಸುವ ಯಂತ್ರ) ಬಳಿಗೆ ಹೋಗದೆ, ಸೈಡ್ ವಿಂಗ್‌ನಲ್ಲಿ ನಿಂತವರೇ ಬೆಳಕನ್ನು ಏರಿಸಿ ಇಳಿಸಬೇಕಾದಾಗ ದೂರದ ಅನಲಾಗ್ ನಿಯಂತ್ರಣ, ಅಂದರೆ ವೋಲ್ಟೇಜಿನ ಏರಿಳಿತದಿಂದ ಬೆಳಕಿನ ಮಟ್ಟವನ್ನು ತಿಳಿಸುವ ಫೇಡರ್, ಬೇಕಾಗುತ್ತದೆ. ಇದರ ರಚನೆ ಸರಳ. ಕನ್ಸೋಲಿನಿಂದ ಬರುವ 10 ವೋಲ್ಟ್ ತಂತಿ ಮತ್ತು ಕಾಮನ್ (ಸೊನ್ನೆ ವೋಲ್ಟಿನ) ತಂತಿಗಳನ್ನು 10 ಕಿಲೋಓಮ್ ಪೊಟೆನ್ಶಿಯೊಮೀಟರಿನ (ಗುಂಡಿ ತಿರುಗಿಸಿ ತಡೆಯನ್ನು ಬದಲಿಸುವ ಬಿಡಿಭಾಗ) ಎರಡು ತುದಿಗಳಿಗೂ, ಸಂಕೇತದ ತಂತಿಯನ್ನು ನಡುವಿನ ಕಾಲಿಗೂ ಜೋಡಿಸಿದರೆ, ಗುಂಡಿ ತಿರುಗಿದಷ್ಟು ವೋಲ್ಟೇಜು ಕನ್ಸೋಲಿಗೆ ಮರಳುತ್ತದೆ. ಅದರಲ್ಲಿ ಹರಿಯುವ ವಿದ್ಯುತ್ತು ಸುಮಾರು 1 ಮಿಲಿಆಂಪಿಯರ್ ಮಾತ್ರ. ಪೊಟೆನ್ಶಿಯೊಮೀಟರ್ ಲೀನಿಯರ್ (ತಿರುಗಿಸಿದಷ್ಟೇ ಸಮನಾಗಿ ಏರುವ) ಬಗೆಯದೇ ಆಗಿರಬೇಕು. ರೇಡಿಯೊ ವಾಲ್ಯೂಮಿನ ಲಾಗ್ ಬಗೆಯದನ್ನು ಹಾಕಿದರೆ ಅರ್ಧ ತಿರುಗಿಸಿದರೂ ಬೆಳಕು ಹೆಚ್ಚೇನೂ ಏಳುವುದಿಲ್ಲ.

ಬಂದ ವೋಲ್ಟೇಜನ್ನು ಕನ್ಸೋಲು, ದೀಪಗಳಿಗೆ ಆದೇಶ ಕಳಿಸುವ ಡಿಜಿಟಲ್ ಪದ್ಧತಿಯಾದ ಡಿಎಂಎಕ್ಸ್ 512ರ 0ಯಿಂದ 255ರವರೆಗಿನ ಅಂಕಿಗೆ ಇಳಿಸಿದಾಗ ಒಂದು ಮೆಟ್ಟಿಲು ಸುಮಾರು 39 ಮಿಲಿವೋಲ್ಟ್ ಆಗುತ್ತದೆ. ಇಷ್ಟು ಸಣ್ಣ ವೋಲ್ಟೇಜು ಪಕ್ಕದ ತಂತಿಯಿಂದ ನುಸುಳಿದರೂ ಅಂಕಿ ಬದಲಾಗುತ್ತದೆ. ದೀಪಗಳಿಗೆ ವಿದ್ಯುತ್ತು ಒಯ್ಯುವ ಡಿಮ್ಮರ್ ಕೇಬಲ್ಲಿನ ಪಕ್ಕದಲ್ಲೇ ಈ ತಂತಿಯನ್ನು ಎಳೆದರೆ, ಮಂದವಾಗಿ ಉರಿಯುವ ಎಲ್‌ಇಡಿ ದೀಪಗಳು ಮಿಣುಕುವುದು ಇದಕ್ಕೇ.

ಪ್ರೀಸೆಟ್ ಎಂದರೆ ಒಂದು ದೃಶ್ಯಕ್ಕೆ ಬೇಕಾದ, ಒಂದೊಂದು ದೀಪವನ್ನೋ ಬಣ್ಣವನ್ನೋ ನಿಯಂತ್ರಿಸುವ ಎಲ್ಲ ಚಾನೆಲ್‌ಗಳ ಮಟ್ಟವನ್ನು ಒಟ್ಟಿಗೆ ದಾಖಲಿಸಿಟ್ಟದ್ದು. ದೂರದ ಫೇಡರನ್ನು ಬಿಡಿ ಚಾನೆಲಿಗಿಂತ ಪ್ರೀಸೆಟ್ಟಿಗೇ ಕಟ್ಟುವುದು ಲೇಸೆಂದು ನನ್ನ ಅಭಿಪ್ರಾಯ. ಮುಂಬೆಳಕು ಶೇ. 80, ನೀಲಿ ಶೇ. 60 ಇರುವ ಪ್ರೀಸೆಟ್ಟಿಗೆ 5 ವೋಲ್ಟ್ ಕೊಟ್ಟರೆ ಅವು 40 ಮತ್ತು 30ಕ್ಕೆ ಇಳಿಯುತ್ತವೆ; ಬಣ್ಣದ ಅನುಪಾತ ಕೆಡುವುದಿಲ್ಲ. ಆದರೆ ಒಂದೇ ಚಾನೆಲನ್ನು ಕನ್ಸೋಲಿನ ಫೇಡರೂ ದೂರದ ಫೇಡರೂ ಹಿಡಿದಿದ್ದರೆ, ದೀಪದ ಪ್ರಖರತೆಯ ಮಟ್ಟಿಗೆ ಸಾಮಾನ್ಯವಾಗಿ ಹೆಚ್ಚಿನ ಮೌಲ್ಯವೇ ಗೆಲ್ಲುತ್ತದೆ.

ಈ ನಿಯಮದ ಬಿಸಿ ನಮಗೆ ತಟ್ಟಿದ್ದು ಮಲೆನಾಡಿನ ಸಾಗರ ತಾಲ್ಲೂಕಿನ ಕಡೆಯ ಊರೊಂದರಲ್ಲಿ, ಆಷಾಢದ ಮಳೆಯ ನಡುವೆ ನಡೆದ ತಾಲೀಮಿನಲ್ಲಿ. ಕತ್ತಲಾಗಬೇಕಾದ ಗಳಿಗೆಯಲ್ಲಿ ಕನ್ಸೋಲಿನ ಫೇಡರ್ ಪೂರ್ತಿ ಕೆಳಗಿದ್ದರೂ ನೀಲಿ ಎಲ್‌ಇಡಿಗಳು ಮಂಕಾಗಿ ಉರಿಯುತ್ತಲೇ ಇದ್ದವು. ಕನ್ಸೋಲಿನ ಇನ್‌ಪುಟ್ಟಿಗೆ ಮೀಟರ್ ಹಿಡಿದಾಗ, ದೂರದ ಗುಂಡಿ ಸೊನ್ನೆಯಲ್ಲಿದ್ದರೂ 0.3 ವೋಲ್ಟ್, ಅಂದರೆ 255ರಲ್ಲಿ ಸುಮಾರು 8, ಬರುತ್ತಿತ್ತು. ತಂತಿಯನ್ನು ಜೋಡಿಸುವ ಜ್ಯಾಕನ್ನು ಕಳಚಿದರೆ ಕಾಮನ್ ಪಿನ್ನಿನ ಮೇಲೆ ಹಸಿರು ಕಿಲುಬು! ಅಲ್ಲಿ 300 ಓಮ್‌ನಷ್ಟು ತಡೆಯಿದ್ದರೆ 1 ಮಿಲಿಆಂಪಿಯರಿಗೆ ಸರಿಯಾಗಿ 0.3 ವೋಲ್ಟ್ ಉಳಿಯುತ್ತದೆ. ಪಿನ್ನನ್ನು ಉಜ್ಜಿ ಒರೆಸಿದ ಮೇಲೆ ನೀಲಿ ಪೂರ್ತಿ ಆರಿತು.

ಕನ್ಸೋಲಿನಲ್ಲಿ ಸೌಲಭ್ಯವಿದ್ದರೆ 0.5 ವೋಲ್ಟಿಗಿಂತ ಕೆಳಗಿನದನ್ನು ಸೊನ್ನೆಯೆಂದೂ 9.5ಕ್ಕಿಂತ ಮೇಲಿನದನ್ನು ಪೂರ್ಣವೆಂದೂ ಗೊತ್ತುಪಡಿಸಬಹುದು. ಆದರೂ ಮಲೆನಾಡಿನ ಥಂಡಿಯಲ್ಲಿ ಕಿಲುಬು ಬೆಳೆಯುತ್ತಲೇ ಇರುವುದರಿಂದ, ಮೊದಲು ಜ್ಯಾಕನ್ನು ಒರೆಸಿ ಆಮೇಲೆ ಮಿತಿಯನ್ನು ಹೊಂದಿಸಬೇಕು.