ಕಂದಾಯ ಗ್ರಾಮ

ಒಂದು ಊರಿನ ಜನಸಂಖ್ಯೆ ಎಷ್ಟು, ಅಲ್ಲಿಗೆ ಬಸ್ಸು ಹೋಗುತ್ತದೆಯೇ ಎಂದು ಜನಗಣತಿಯ ಪಟ್ಟಿಯಲ್ಲಿ ಹುಡುಕುವವರು ಮೊದಲು ತಿಳಿದಿರಬೇಕಾದ ಪದ ‘ಕಂದಾಯ ಗ್ರಾಮ’. ಮಾತಿನಲ್ಲಿ ನಾವು ಊರು ಎನ್ನುವುದು ಮನೆಗಳ ಗುಂಪನ್ನು. ಕಂದಾಯ ಇಲಾಖೆ ಗ್ರಾಮ ಎನ್ನುವುದು ಅಳತೆ ಮಾಡಿ ಗಡಿ ಗುರುತಿಸಿದ ನೆಲವನ್ನು. ಆ ನೆಲಕ್ಕೆ ತನ್ನದೇ ನಕಾಶೆಯೂ ಸರ್ವೆ ನಂಬರುಗಳೂ ಇರುತ್ತವೆ, ಪಹಣಿಯಲ್ಲಿ ತಾಲ್ಲೂಕು, ಹೋಬಳಿಗಳ ಜೊತೆಗೆ ಅದರ ಹೆಸರು ಬರುತ್ತದೆ. ಗಡಿಯೊಳಗೆ ಮನೆಗಳು ಇರಲೇಬೇಕೆಂಬ ನಿಯಮವೇನೂ ಇಲ್ಲ.

ಮನೆಗಳೇ ಇಲ್ಲದ ಕಂದಾಯ ಗ್ರಾಮವನ್ನು ಹಳೆಯ ಕಡತಗಳು ‘ಬೇಚರಾಕ್ ಗ್ರಾಮ’ ಎಂದು ಕರೆಯುತ್ತವೆ. ಪಾರಸಿಯಲ್ಲಿ ‘ಬೇ’ ಎಂದರೆ ಇಲ್ಲದ, ‘ಚಿರಾಗ್’ ಎಂದರೆ ದೀಪ. ಸಂಜೆ ದೀಪ ಹಚ್ಚುವವರಿಲ್ಲದ ಊರು ಎಂಬ ಈ ಮಾತು ಕಂದಾಯದ ಲೆಕ್ಕಪುಸ್ತಕದಲ್ಲಿ ಸಿಗುವ ಅಪರೂಪದ ಕಾವ್ಯ. 2011ರ ಜನಗಣತಿಯಲ್ಲಿ ಕರ್ನಾಟಕದ 29,340 ಗ್ರಾಮಗಳ ಪೈಕಿ ಜನವಸತಿ ಇದ್ದದ್ದು 27,397ರಲ್ಲಿ ಮಾತ್ರ. ಉಳಿದವುಗಳಲ್ಲಿ ಹಲವು ಕಡೆ ಹೊಲಗಳಿವೆ, ಅವನ್ನು ಪಕ್ಕದ ಊರಿನವರು ಉಳುತ್ತಾರೆ, ಜನಸಂಖ್ಯೆಯ ಕಾಲಂನಲ್ಲಿ ಮಾತ್ರ ಸೊನ್ನೆ.

ಇದಕ್ಕೆ ತದ್ವಿರುದ್ಧವಾದದ್ದು, ಒಂದೇ ಕಂದಾಯ ಗ್ರಾಮದೊಳಗೆ ಹಲವು ಊರುಗಳಿರುವುದು. ಮೂಲ ಊರಿನಿಂದ ದೂರದಲ್ಲಿ ಬೆಳೆದ ಗೊಲ್ಲರಹಟ್ಟಿ, ತಾಂಡಾ, ಹಾಡಿ ಮುಂತಾದವುಗಳಿಗೆ ‘ಮಜರೆ’ ಅಥವಾ ‘ಉಪಗ್ರಾಮ’ ಎಂದು ಹೆಸರು. ಜನಗಣತಿಯ ಗ್ರಾಮವಾರು ಪಟ್ಟಿ ಇವನ್ನು ಬೇರೆ ಸಾಲಿನಲ್ಲಿ ತೋರಿಸುವುದಿಲ್ಲ. ಮಜರೆಯ ಜನರೆಲ್ಲ ಮೂಲ ಗ್ರಾಮದ ಲೆಕ್ಕಕ್ಕೆ ಸೇರುತ್ತಾರೆ.

ಸಾರಿಗೆಯ ವಿವರವನ್ನು ಓದುವಾಗ ಈ ವ್ಯತ್ಯಾಸವೇ ತೊಡಕಾಗುತ್ತದೆ. ಜಿಲ್ಲಾ ಜನಗಣತಿ ಕೈಪಿಡಿಯಲ್ಲಿ ಸರ್ಕಾರಿ ಬಸ್ಸು, ಖಾಸಗಿ ಬಸ್ಸು, ರೈಲು ನಿಲ್ದಾಣ, ಆಟೊ, ಡಾಂಬರು ರಸ್ತೆ, ಎತ್ತಿನ ಗಾಡಿಯವರೆಗೂ ಪ್ರತಿ ಗ್ರಾಮದ ಎದುರಿಗೆ ಇದೆ ಅಥವಾ ಇಲ್ಲ ಎಂದು ನಮೂದಾಗಿರುತ್ತದೆ. ಇಲ್ಲದಿದ್ದರೆ ಆ ಸೌಲಭ್ಯ 5 ಕಿ.ಮೀ. ಒಳಗಿದೆಯೇ, 5ರಿಂದ 10 ಕಿ.ಮೀ. ನಡುವೆ ಇದೆಯೇ, ಅದಕ್ಕೂ ದೂರವೇ ಎಂದು ಸಂಕೇತಾಕ್ಷರದಲ್ಲಿ ಸೂಚಿಸಿರುತ್ತಾರೆ. ಬಸ್ಸು ‘ಇದೆ’ ಎಂದಷ್ಟೇ ಓದಿದವರಿಗೆ, ಅದು ಮೂಲ ಊರಿನ ಅರಳಿಕಟ್ಟೆಯ ಬಳಿ ತಿರುಗಿ ಹಿಂದಕ್ಕೆ ಹೋಗುತ್ತದೆಂದೂ, ತಾಂಡಾದ ಮಕ್ಕಳು ಶಾಲೆಯ ಚೀಲ ಹೊತ್ತು ಅಲ್ಲಿಯವರೆಗೆ ನಡೆದು ಬರಬೇಕೆಂದೂ ಗೊತ್ತಾಗುವುದಿಲ್ಲ. ದಿನಕ್ಕೆ ಒಂದೇ ಬಾರಿ ಬರುವ ಬಸ್ಸೂ ಹತ್ತು ಬಾರಿ ಬರುವ ಬಸ್ಸೂ ಆ ಕಾಲಂನಲ್ಲಿ ಒಂದೇ. ನನ್ನ ದೃಷ್ಟಿಯಲ್ಲಿ ಇದು ಗಡಿಯ ಗೊಂದಲಕ್ಕಿಂತಲೂ ದೊಡ್ಡ ಕೊರತೆ.

2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಕಂದಾಯ ಗ್ರಾಮವನ್ನು ಬಿಟ್ಟು ‘ಜನವಸತಿ’ಯನ್ನು, ಅಂದರೆ ಒಂದೆಡೆ ಇರುವ ಮನೆಗಳ ಗುಂಪನ್ನು, ತನ್ನ ಘಟಕವಾಗಿ ಆರಿಸಿಕೊಂಡಿತು. 2001ರ ಗಣತಿಯಂತೆ ಬಯಲು ಸೀಮೆಯಲ್ಲಿ ಕನಿಷ್ಠ 500, ಗುಡ್ಡಗಾಡು ಮತ್ತು ಮರುಭೂಮಿ ಪ್ರದೇಶಗಳಲ್ಲಿ 250 ಜನರಿರುವ ಜನವಸತಿಗೆ ಸರ್ವಋತು ರಸ್ತೆ ಕೊಡಬೇಕೆಂಬುದು ಅದರ ಮೂಲ ಗುರಿ. 500 ಮೀಟರ್ ಒಳಗಿನ ಜನವಸತಿಗಳ ಜನಸಂಖ್ಯೆಯನ್ನು ಕೂಡಿಸಿ ಲೆಕ್ಕ ಹಾಕಬಹುದಾಗಿತ್ತು. ಹೀಗಾಗಿ ರಸ್ತೆಗಾಗಿ ಮಾಡಿದ ಎಣಿಕೆಯನ್ನು ಕಂದಾಯ ಗ್ರಾಮದ ಎಣಿಕೆಯೊಡನೆ ಹೋಲಿಸಿದರೆ ಎರಡೂ ತಾಳೆಯಾಗುವುದಿಲ್ಲ.

ಮಜರೆಗಳು ಸ್ವತಂತ್ರ ಕಂದಾಯ ಗ್ರಾಮಗಳಾಗುವುದೂ ಉಂಟು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳಲ್ಲಿ ದಾಖಲೆಯಿಲ್ಲದ ಸುಮಾರು 1,475 ಜನವಸತಿಗಳನ್ನು ಹೊಸ ಕಂದಾಯ ಗ್ರಾಮಗಳೆಂದು ಘೋಷಿಸಿ, 2023ರ ಜನವರಿಯಲ್ಲಿ ಅಲ್ಲಿನ ನಿವಾಸಿಗಳಿಗೆ ಹಕ್ಕುಪತ್ರ ನೀಡಲಾಯಿತು. ಇಂಥ ಕಡೆ ಮುಂದಿನ ಗಣತಿಯಲ್ಲಿ ಮೂಲ ಗ್ರಾಮದ ಜನಸಂಖ್ಯೆ ಇಳಿದಂತೆ ಕಂಡರೆ, ಜನ ಗುಳೆ ಹೋದರೆಂದು ತೀರ್ಮಾನಿಸುವ ಮೊದಲು ಅದರ ತಾಂಡಾ ಬೇರೆ ಗ್ರಾಮವಾಗಿದೆಯೇ ಎಂದು ನೋಡಬೇಕು.