ವಾರಕ್ಕೆ ಎರಡೇ ದಿನ ಜೋರು

ಶನಿವಾರ ಬೆಳಗಿನ ಜಾವ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ನಿಂತು ನೋಡಿ. ಇನ್ನೂ ಕತ್ತಲಿರುವಾಗಲೇ ಕೆಂಪು ದೀಪ ಮಿನುಗಿಸುತ್ತಾ ಒಂದರ ಹಿಂದೊಂದು ಸೈಕಲ್ ನಂದಿ ಬೆಟ್ಟದ ಕಡೆ ಹೊರಟಿರುತ್ತವೆ. ರೇಸಿಗೆ ತಯಾರಾಗುವವರನ್ನು ಮಾತಾಡಿಸಿದರೆ ಎಷ್ಟೋ ಜನರದ್ದು ಒಂದೇ ಕೊರಗು: ದಿನಾ ಇಷ್ಟು ತುಳೀತೀನಿ, ಬೆಟ್ಟ ಹತ್ತೋ ಟೈಮ್ ಮಾತ್ರ ಇಳೀತಾನೇ ಇಲ್ಲ. ಕಾರಣ ಆ ‘ದಿನಾ ಇಷ್ಟು’ ಅನ್ನೋ ಮಾತಿನಲ್ಲೇ ಇದೆ ಅಂತ ನನಗನ್ನಿಸುತ್ತದೆ. ಸೋಮವಾರವೂ ಅಷ್ಟೇ, ಗುರುವಾರವೂ ಅಷ್ಟೇ. ಆರಾಮವೂ ಅಲ್ಲ, ಪೂರ್ತಿ ಜೋರೂ ಅಲ್ಲ. ಸ್ವಲ್ಪ ಏದುಸಿರು, ಸ್ವಲ್ಪ ಬೆವರು, ಮನೆಗೆ ಬಂದಾಗ ಚೆನ್ನಾಗಿ ದುಡಿದ ಸಮಾಧಾನ.

ಪೆಡಲ್ ತುಳಿಯುವಾಗ ಕಾಲು ದಣಿಯುತ್ತದೆ. ಬಲ ಬರುವುದು ಆಮೇಲೆ, ಉಂಡು ಮಲಗಿದಾಗ. ನಮ್ಮ ಸ್ನಾಯುಗಳಲ್ಲಿ ಸುಮಾರು 400–500 ಗ್ರಾಂ ಸಕ್ಕರೆ ಗ್ಲೈಕೋಜನ್ ರೂಪದಲ್ಲಿ ಕೂತಿರುತ್ತದೆ. ಎರಡು ಗಂಟೆ ಜೋರಾಗಿ ತುಳಿದರೆ ಅದರಲ್ಲಿ ಬಹುಪಾಲು ಖಾಲಿ. ಅನ್ನ, ಮುದ್ದೆ, ಬಾಳೆಹಣ್ಣು ಚೆನ್ನಾಗಿ ತಿಂದರೂ ಮತ್ತೆ ತುಂಬೋಕೆ ಹೆಚ್ಚುಕಡಿಮೆ ಒಂದು ದಿನ ಬೇಕು. ಸ್ನಾಯುವಿನ ರಿಪೇರಿಗೆ ಒಂದೆರಡು ದಿನ ಹಿಡಿಯುತ್ತದೆ. ಹಾಗಾಗಿ ಮಂಗಳವಾರ ಜೋರು ಮಾಡಿ ಬುಧವಾರವೂ ಜೋರು ಮಾಡಲು ಹೋದರೆ, ಮನಸ್ಸಿದ್ದರೂ ಕಾಲು ಆ ಎತ್ತರಕ್ಕೆ ಏಳುವುದಿಲ್ಲ.

ನಾರ್ವೆಯಲ್ಲಿ ಕೆಲಸ ಮಾಡುವ ಅಮೆರಿಕದ ಕ್ರೀಡಾ ವಿಜ್ಞಾನಿ ಸ್ಟೀಫನ್ ಸೈಲರ್, ಸೈಕ್ಲಿಸ್ಟ್, ಸ್ಕೀಯರ್, ರೋಯಿಂಗ್ ಪಟುಗಳ ಡೈರಿಗಳನ್ನು ವರ್ಷಗಟ್ಟಲೆ ನೋಡಿದವರು. ಗಟ್ಟಿ ಆಟಗಾರರು ಹತ್ತರಲ್ಲಿ ಸುಮಾರು ಎಂಟು ಸಲ ಆರಾಮಾಗಿ, ಎರಡು ಸಲ ಮಾತ್ರ ನಿಜಕ್ಕೂ ಜೋರಾಗಿ ತಾಲೀಮು ಮಾಡುತ್ತಾರೆ ಅನ್ನೋದು ಅವರಿಗೆ ಕಂಡ ಲೆಕ್ಕ. ಕೆಲಸದ ನಡುವೆ ವಾರಕ್ಕೆ ಐದಾರು ಸಲ ಹೊರಡುವವರಿಗೆ ಅದು ಒಂದು, ಹೆಚ್ಚೆಂದರೆ ಎರಡು ಜೋರಿನ ದಿನ.

ಆ ಎರಡು ದಿನ ಯಾವುದು ಅಂತ ಮೊದಲು ಬರೆದಿಟ್ಟುಕೊಳ್ಳಿ. ನಾನಾದರೆ ಮಂಗಳವಾರ, ಶನಿವಾರ ಅನ್ನುತ್ತೇನೆ. ನಡುವೆ ಮೂರು ದಿನ ಸಿಗುತ್ತದೆ.

ಮಂಗಳವಾರಕ್ಕೆ ಎಂಟು ನಿಮಿಷದ ನಾಲ್ಕು ಇಂಟರ್ವಲ್, ಅಂದರೆ ನಡುನಡುವೆ ಸುಧಾರಿಸಿಕೊಂಡು ಜೋರಾಗಿ ತುಳಿಯುವ ಸುತ್ತುಗಳು. 2013ರಲ್ಲಿ ಪ್ರಕಟವಾದ ಸೈಲರ್ ತಂಡದ ಅಧ್ಯಯನದಲ್ಲಿ ಸೈಕಲ್ ಸವಾರರು ನಾಲ್ಕು, ಎಂಟು, ಹದಿನಾರು ನಿಮಿಷದ ಇಂಟರ್ವಲ್‌ಗಳನ್ನು ಏಳು ವಾರ ಮಾಡಿದ್ದರು. ಹೆಚ್ಚು ಲಾಭ ಸಿಕ್ಕಿದ್ದು ಎಂಟು ನಿಮಿಷದವರಿಗೆ, ಎದೆಬಡಿತ ತಮ್ಮ ಗರಿಷ್ಠದ 90% ಆಸುಪಾಸಿನಲ್ಲಿ. ಮೊದಲ ಎರಡು ನಿಮಿಷ ಮೋಸದ ನಿಮಿಷ. ಕಾಲು ಹಗುರ, ಇನ್ನೂ ಒಂದು ಗಿಯರ್ ಏರಿಸೋಣ ಅನಿಸುತ್ತದೆ. ಏರಿಸಬೇಡಿ. ಐದನೇ ನಿಮಿಷಕ್ಕೆ ಮಾತು ಒಂದೊಂದೇ ಪದಕ್ಕೆ ಇಳಿಯುತ್ತದೆ, ತೊಡೆ ಉರಿಯುತ್ತದೆ, ಕಣ್ಣು ಗಡಿಯಾರದ ಮೇಲೇ ಇರುತ್ತದೆ. ಎಂಟಕ್ಕೆ ಬಿಟ್ಟು, ಎರಡು ಮೂರು ನಿಮಿಷ ಸುಮ್ನೆ ಕಾಲಾಡಿಸಿ, ಮತ್ತೆ ಅದೇ. ನಾಲ್ಕನೆಯದನ್ನೂ ಮೊದಲನೆಯದರಷ್ಟೇ ವೇಗದಲ್ಲಿ ಮುಗಿಸಿದರೆ ಲೆಕ್ಕ ಸರಿ. ಬೆಟ್ಟ ಬೇಕೇಬೇಕು ಅಂತೇನಿಲ್ಲ. ಎಷ್ಟೋ ಒಳ್ಳೆಯ ಸವಾರರನ್ನು ಕೊಟ್ಟ ವಿಜಯಪುರದ ಕಡೆ ನೆಲ ಚಪ್ಪಟೆ, ಅಲ್ಲಿ ಎದುರುಗಾಳಿಯೇ ಬೆಟ್ಟ.

ಶನಿವಾರ ನಂದಿ. ಭಾನುವಾರ ಮೂರು ನಾಲ್ಕು ಗಂಟೆ ಉದ್ದದ, ನಿಧಾನದ ಸವಾರಿ. ಪಕ್ಕದವರಿಗೆ ಒಂದು ಕತೆಯನ್ನು ಉಸಿರು ಕಡಿಯದೆ ಹೇಳೋ ಹಾಗಿರಬೇಕು ವೇಗ. ಇದನ್ನು ಸೋಮಾರಿತನ ಅಂದುಕೊಳ್ಳುವವರೇ ಜಾಸ್ತಿ, ನನಗೆ ಬೇಜಾರಾಗೋದೂ ಅದಕ್ಕೇ. ಈ ಗಂಟೆಗಳಲ್ಲೇ ಸ್ನಾಯುವಿನೊಳಗೆ ಸಣ್ಣ ರಕ್ತನಾಳಗಳು ಹೆಚ್ಚುವುದಕ್ಕೆ, ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳು ಬೆಳೆಯುವುದಕ್ಕೆ ಬೇಕಾದ ಸೂಚನೆ ಸಿಗೋದು. ಕೊಬ್ಬನ್ನು ಉರಿಸಿ ಸಕ್ಕರೆ ಉಳಿಸೋದನ್ನು ದೇಹ ಇಲ್ಲಿ ಕಲಿಯುತ್ತದೆ. ಆ ಉಳಿಕೆಯೇ ರೇಸಿನ ಕೊನೆಯ ಏರಿನಲ್ಲಿ ಕೈ ಹಿಡಿಯೋದು. ಗುಂಪಿನಲ್ಲಿ ಹೋದರೆ ಯಾರೋ ಒಬ್ಬರು ಜೋರು ಶುರು ಮಾಡೇ ಮಾಡುತ್ತಾರೆ, ಹೋಗಲು ಬಿಡಿ.

ಸೋಮವಾರ ಸೈಕಲ್ ಮುಟ್ಟಬೇಡಿ. ಬುಧವಾರ, ಗುರುವಾರ ಒಂದೊಂದು ಗಂಟೆ ಆರಾಮಾಗಿ, ಶುಕ್ರವಾರ ಅರ್ಧ ಗಂಟೆ ಅಥವಾ ರಜೆ. ಮೂರು ವಾರ ಹೀಗೆ ಸ್ವಲ್ಪ ಸ್ವಲ್ಪ ಏರಿಸಿ, ನಾಲ್ಕನೇ ವಾರ ಇಳಿಸಿ. ರೇಸಿಗೆ ಎರಡು ವಾರ ಇರುವಾಗ ಒಟ್ಟು ಗಂಟೆಗಳನ್ನು ಅರ್ಧದ ಹತ್ತಿರ ತನ್ನಿ. ಇಂಟರ್ವಲ್ ಪೂರ್ತಿ ಬಿಡಬೇಡಿ, ಸಂಖ್ಯೆ ಕಮ್ಮಿ ಮಾಡಿ.

ಇನ್ನೊಂದು ಮಾತು. ಬೆಳಿಗ್ಗೆ ಎದ್ದ ಕೂಡಲೇ, ಕಾಫಿಗೂ ಮುಂಚೆ, ಕತ್ತಿನ ಪಕ್ಕ ಎರಡು ಬೆರಳಿಟ್ಟು ಅರ್ಧ ನಿಮಿಷ ಬಡಿತ ಎಣಿಸಿ, ಎರಡರಿಂದ ಗುಣಿಸಿ ಬರೆದಿಡಿ. ದಿನಾ 52 ಇರೋದು ಎರಡು ಮೂರು ದಿನದಿಂದ 60 ತೋರಿಸ್ತಾ ಇದ್ದರೆ, ನಿದ್ದೆಯೂ ಸರಿಯಿಲ್ಲದಿದ್ದರೆ, ಆ ಮಂಗಳವಾರ ಇಂಟರ್ವಲ್ ಬೇಡ. ಅಲಾರಂ ಆಫ್ ಮಾಡಿ ಇನ್ನೊಂದು ಗಂಟೆ ಮಲಗಿ.